ಮತ್ತು ಸಂಗಡಿಗರು

ದೆವ್ವ ಕಂಡೆ, ಸತ್ತವರು ಬಂದು ಮಾತಾಡಿಸಿದರು ಎಂದು ಯಾರಾದರೂ ಶುರುಮಾಡಿದರೆ ನಾನು ಎದ್ದು ಹೋಗುವವನು. ಈಗಲೂ ಅಷ್ಟೇ. ಮಧುಗಿರಿಯ ಹೈಸ್ಕೂಲೊಂದರಲ್ಲಿ ಬಹಳ ವರ್ಷ ವಿಜ್ಞಾನ ಕಲಿಸಿದೆ. ಬ್ಯಾಟರಿ, ತಾಮ್ರದ ತಂತಿ, ಒಂದು ಸಣ್ಣ ಬಲ್ಬು ಮೇಜಿನ ಮೇಲಿಟ್ಟುಕೊಂಡು, ತಂತಿ ಎಲ್ಲಿ ಬಿಟ್ಟುಹೋಯಿತೋ ಅಲ್ಲಿಗೆ ವಿದ್ಯುತ್ತಿನ ಆಟ ಮುಗಿಯಿತು ಎಂದು ವರ್ಷ ವರ್ಷವೂ ಮಕ್ಕಳಿಗೆ ತೋರಿಸಿಕೊಟ್ಟವನು. ಶಾಲೆಯ ಹಿಂದಿನ ಹುಣಸೆಮರದಲ್ಲಿ ಏನೋ ಇದೆ ಎಂದ ಜವಾನನನ್ನು ಎಲ್ಲರ ಮುಂದೆ ಗೇಲಿ ಮಾಡಿದ್ದೆ. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ, ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ. ಆದರೆ ಆ ಸಂಜೆ ಶಿರಾದ ವೇದಿಕೆಯ ಮೇಲೆ ನಾನಿದ್ದೆ. ವೈರು ನನ್ನ ಕಾಲ ಕೆಳಗೇ ಇತ್ತು. ಅದನ್ನು ಇಲ್ಲ ಎನ್ನಲು ನನ್ನಿಂದ ಆಗುವುದಿಲ್ಲ.

ಎಪ್ಪತ್ತರ ದಶಕ ಮುಗಿದು ಎಂಬತ್ತಕ್ಕೆ ಕಾಲಿಟ್ಟ ದಿನಗಳು. ನಮ್ಮ ಕಡೆ ಗಣೇಶನ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ, ಉಳ್ಳವರ ಮನೆಯ ಮದುವೆಗೆ, ಎಲ್ಲದಕ್ಕೂ ಆರ್ಕೆಸ್ಟ್ರಾ ಬೇಕೇ ಬೇಕು. ಕರಪತ್ರದಲ್ಲಿ ಅದಕ್ಕೆ ರಸಮಂಜರಿ ಎಂದು ಹಾಕುತ್ತಿದ್ದರು. ನಮ್ಮ ಆರ್ಕೆಸ್ಟ್ರಾ ಕಟ್ಟಿದವರು ಶಿರಾದ ಸಾಹುಕಾರ್ ರುದ್ರಪ್ಪನವರು. ಕಡಲೆಕಾಯಿ ಮಂಡಿ ಇತ್ತು, ಜೊತೆಗೆ ಹಾಡುವ ಚಟವೂ ಇತ್ತು. ಮೈಕು, ಆಂಪ್ಲಿಫೈಯರು, ಸಾಮಾನು ಹೊರುವ ವ್ಯಾನು ಎಲ್ಲ ಅವರದೇ. ಆದ್ದರಿಂದ ಮುಖ್ಯ ಗಾಯಕರೂ ಅವರೇ, ಶ್ರುತಿ ಎತ್ತ ಹೋದರೂ ಕೇಳುವವರಿಲ್ಲ. ನಾನು ಬೋಂಗೋ ಎಂಬ ಪುಟ್ಟ ಜೋಡಿ ಚರ್ಮವಾದ್ಯ ಬಾರಿಸುತ್ತಿದ್ದೆ. ಶನಿವಾರ ಶಾಲೆ ಬಿಟ್ಟ ಕೂಡಲೇ ಬಸ್ಸು ಹತ್ತುವುದು, ಸೋಮವಾರ ಬೆಳಿಗ್ಗೆ ಕಣ್ಣುಜ್ಜಿಕೊಂಡು ಪ್ರಾರ್ಥನೆಗೆ ನಿಲ್ಲುವುದು, ಹೀಗೆ ನಡೆದಿತ್ತು.

ರಿದಂ ಗಿಟಾರ್ ನುಡಿಸುತ್ತಿದ್ದವನು ಜುಂಜಣ್ಣ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಲೀಡ್ ಗಿಟಾರಿನವನು ರಾಗ ನುಡಿಸುತ್ತಾನೆ, ಜನ ಶಿಳ್ಳೆ ಹೊಡೆಯುವುದು ಅವನಿಗೆ. ರಿದಂನವನು ತಂತಿಗಳನ್ನೆಲ್ಲ ಒಟ್ಟಿಗೆ ಬಾರಿಸುತ್ತ ಹಾಡಿನ ನಡೆಯನ್ನು ಹಿಡಿದಿಡುತ್ತಾನೆ. ಅವನು ಇದ್ದಾಗ ಯಾರಿಗೂ ಗೊತ್ತಾಗುವುದಿಲ್ಲ, ಇಲ್ಲದಿದ್ದಾಗ ಹಾಡು ಕುಂಟುತ್ತದೆ. ನಮ್ಮಲ್ಲಿ ಲೀಡ್ ನುಡಿಸುತ್ತಿದ್ದವನು ಅನ್ವರ್, ಶಿರಾದವನೇ. ಒಳ್ಳೆಯ ಕೈ. ಆದರೆ ಜುಂಜಣ್ಣನ ಬೆನ್ನಿಲ್ಲದೆ ತನ್ನದು ನಡೆಯುವುದಿಲ್ಲ ಎಂದು ಅವನೇ ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದ.

ಜುಂಜಣ್ಣ ಪಟ್ಟನಾಯಕನಹಳ್ಳಿ ಹತ್ತಿರದ ಒಂದು ಹಟ್ಟಿಯವನು. ಕುರಿ ಕಾಯುವ ಮನೆತನ. ಹರೆಯದಲ್ಲಿ ಕಂಬಳಿ ಮಾರುವವರ ಜೊತೆ ಬೆಂಗಳೂರಿಗೆ ಹೋದವನು ಅಲ್ಲೇ ನಿಂತುಬಿಟ್ಟ. ದಂಡಿನ ಕಡೆಯ, ಅಂದರೆ ಕಂಟೋನ್ಮೆಂಟಿನ, ಒಂದು ಹೋಟೆಲಿನಲ್ಲಿ ಲೋಟ ತೊಳೆಯುವ ಕೆಲಸ. ಅಲ್ಲೊಂದು ಬ್ಯಾಂಡ್ ವಾರವಾರವೂ ಹಾರ್ಡ್ ರಾಕ್ ಎಂಬ ಅಬ್ಬರದ ಇಂಗ್ಲಿಷ್ ಸಂಗೀತ ಬಾರಿಸುತ್ತಿತ್ತಂತೆ. ಎಲ್ಲರೂ ಹಾಡುವವನನ್ನು ನೋಡಿದರೆ ಇವನು ಹಿಂದೆ ರಿದಂ ನುಡಿಸುವ ಮುದುಕನ ಕೈ ನೋಡುತ್ತ ನಿಂತ. ಆ ಮುದುಕ ಇವನ ಆಸೆ ಕಂಡು ಕಲಿಸಿದ. ಊರಿಗೆ ಬಂದು ಪಾಲಿಗೆ ಬಂದ ಕುರಿ ಮಾರಿ ಹಳೆಯದೊಂದು ಎಲೆಕ್ಟ್ರಿಕ್ ಗಿಟಾರ್ ತಂದಾಗ ಹಟ್ಟಿಯೇ ಇವನಿಗೆ ತಲೆ ಕೆಟ್ಟಿದೆ ಎಂದಿತು. ಮುಂದೆ ನಿಂತು ಲೀಡ್ ಕಲಿಯಬಾರದಿತ್ತೇ ಎಂದು ನಾನೊಮ್ಮೆ ಕೆಣಕಿದ್ದೆ. ಅವನು ನಕ್ಕ. “ಕುರಿ ಕಾಯೋನು ಮಂದೆ ಹಿಂದ್ಗಡೆ ನಡೀತಾನೆ ಮೇಷ್ಟ್ರೇ. ಮುಂದೆ ಹೋದ್ರೆ ತಪ್ಪಿಸ್ಕಂಡಿದ್ದು ಕಾಣಾಕಿಲ್ಲ” ಎಂದ.

ಅವನ ಕೈಯಲ್ಲಿ ಎರಡು ಗುರುತುಗಳಿದ್ದವು. ಹಾಡು ಶುರುವಾಗುವ ಮುಂಚೆ ಅಂಗೈ ಬುಡವನ್ನು ತಂತಿಗೊತ್ತಿ ಎರಡು ಸಲ ಕಿಚ್ ಕಿಚ್ ಎನಿಸುತ್ತಿದ್ದ. ಅದು ನನಗೆ ಕರೆ, ಬೋಂಗೋ ಎತ್ತಿಕೋ ಎಂದು. ಆಮೇಲೆ ನಾಲ್ಕು ಪೆಟ್ಟಿನ ನಡೆಯಲ್ಲಿ ನಾಲ್ಕನೆಯದನ್ನು ಕೂದಲೆಳೆಯಷ್ಟು ತಡವಾಗಿ ಹಾಕುತ್ತಿದ್ದ. ಬಿದ್ದೇಹೋಯಿತು ಎನ್ನುವಷ್ಟರಲ್ಲಿ ಬಂದು ಹಿಡಿಯುತ್ತಿತ್ತು. ಅದನ್ನು ಕಲಿಯಲು ಮಧುಗಿರಿ, ಕೊರಟಗೆರೆಯಿಂದ ಹುಡುಗರು ನಾವು ಅಭ್ಯಾಸ ಮಾಡುತ್ತಿದ್ದ ಮಂಡಿಯ ಗೋದಾಮಿಗೆ ಬರುತ್ತಿದ್ದರು. ಪಾವಗಡದಿಂದ ತೆಲುಗು ಬೆರೆಸಿ ಮಾತಾಡುವವರು ಬಂದು, ಅನ್ನಾ, ಆ ದೆಬ್ಬ ಇನ್ನೊಂದ್ಸಾರಿ ತೋರ್ಸನ್ನಾ ಎಂದು ದುಂಬಾಲು ಬೀಳುತ್ತಿದ್ದರು. ಇವತ್ತಿಗೂ ಈ ನಾಲ್ಕು ತಾಲ್ಲೂಕಿನಲ್ಲಿ ವಯಸ್ಸಾದ ಯಾವ ಗಿಟಾರಿನವನ ಬಲಗೈ ನೋಡಿದರೂ ನನಗೆ ಜುಂಜಣ್ಣ ಕಾಣುತ್ತಾನೆ. ಆದರೆ ಆ ತಡದ ಪೆಟ್ಟು ಒಬ್ಬನಿಗೂ ಬರಲಿಲ್ಲ.

ಇಷ್ಟೆಲ್ಲ ಇದ್ದವನ ಸದ್ದು ಸಭೆಯಲ್ಲಿ ಕೂತ ಜನರಿಗೆ ಕೇಳಿದ್ದೇ ಅಪರೂಪ ಎಂದರೆ ನಂಬುತ್ತೀರಾ? ಸಾಹುಕಾರರ ಆಂಪ್ಲಿಫೈಯರಿಗೆ ವೈರು ಸಿಗಿಸಲು ನಾಲ್ಕೇ ಕಿಂಡಿ. ಒಂದು ಅವರ ಮೈಕಿಗೆ, ಒಂದು ಹಾಡುವ ಹೆಣ್ಣುಮಗಳ ಮೈಕಿಗೆ, ಒಂದು ಅನ್ವರನ ಗಿಟಾರಿಗೆ, ಉಳಿದದ್ದು ಜುಂಜಣ್ಣನಿಗೆ. ಊರಿನ ಚೇರ್ಮನ್ನರು ಎರಡು ಮಾತಾಡಬೇಕು, ಯಾರೋ ಮಿಮಿಕ್ರಿ ಮಾಡಬೇಕು ಎಂದರೆ ಇನ್ನೊಂದು ಮೈಕು ಬೇಕು. ಆಗ ಸಾಹುಕಾರರು ಗದ್ದ ಎತ್ತಿ ಸನ್ನೆ ಮಾಡುವರು, ಜುಂಜಣ್ಣನ ವೈರು ಕಿತ್ತುಬರುತ್ತಿತ್ತು. ಒಮ್ಮೆ ಕಿತ್ತರೆ ಮತ್ತೆ ಸಿಗಿಸುತ್ತಿರಲಿಲ್ಲ. ಹಾಗೇ ಇರಲಿ ಬಿಡಲೇ, ನಿನ್ನದು ಯಾರಿಗೆ ಕೇಳಬೇಕು ಎನ್ನುತ್ತಿದ್ದರು. ವೈರಿಲ್ಲದ ಎಲೆಕ್ಟ್ರಿಕ್ ಗಿಟಾರಿನ ಸದ್ದು ಒಂದು ಮಾರಿನಾಚೆಗೆ ಹೋಗುವುದಿಲ್ಲ. ಪಕ್ಕದಲ್ಲಿ ಕೂತ ನನಗೆ ಕೇಳುತ್ತಿತ್ತು, ಅನ್ವರನಿಗೆ ಕೇಳುತ್ತಿತ್ತು. ನಾವು ಅದನ್ನು ಹಿಡಿದುಕೊಂಡು ನಡೆಯುತ್ತಿದ್ದೆವು, ನಮ್ಮನ್ನು ಹಿಡಿದುಕೊಂಡು ಸಾಹುಕಾರರು ಹಾಡುತ್ತಿದ್ದರು. ಕರಪತ್ರದಲ್ಲಿ ಅವರ ಹೆಸರು ದಪ್ಪಕ್ಷರದಲ್ಲಿ, ಅನ್ವರನದು ಸಣ್ಣದಾಗಿ. ಜುಂಜಣ್ಣ ಮಾತ್ರ ಪ್ರತಿಸಲವೂ ಮತ್ತು ಸಂಗಡಿಗರು.

ಇದು ಹಾಳಾಗಿ ಹೋಗಲಿ ಎನ್ನಬಹುದಿತ್ತು, ಅವನೂ ಎನ್ನುತ್ತಿದ್ದ. ಅವನಿಗೆ ಮುಳ್ಳಾಗಿ ಚುಚ್ಚಿದ್ದು ಹೆಂಡತಿ ಕೆಂಚಮ್ಮನ ವಿಷಯ. ಆಕೆಯ ತವರು ಕೊಳಾಲ. ಅಲ್ಲಿ ಗಣೇಶನ ಹಬ್ಬಕ್ಕೆ ನಮ್ಮ ರಸಮಂಜರಿ ಬಿತ್ತು. ಗಂಡನ ವಾದ್ಯ ಕೇಳಲು ಕೆಂಚಮ್ಮ ಅಣ್ಣಂದಿರ ಮನೆಯವರನ್ನೆಲ್ಲ ಕಟ್ಟಿಕೊಂಡು ಬಂದು ಮುಂದೆಯೇ ಕೂತಿದ್ದಳು. ಅವತ್ತು ಮೊದಲ ಹಾಡಿಗೆ ಮುಂಚೆಯೇ ವೈರು ಹೋಯಿತು. ಮೂರು ಗಂಟೆ ಜುಂಜಣ್ಣ ಬೆವರು ಸುರಿಸಿ ನುಡಿಸಿದ, ಅವಳಿಗೆ ಒಂದು ಪೆಟ್ಟೂ ಕೇಳಲಿಲ್ಲ. ನಿಮ್ಮೆಜಮಾನ ಸುಮ್ಕೆ ತಂತಿ ಕೆರ್ಕಂತ ನಿಂತಿದ್ದ ಎಂದು ಅಣ್ಣಂದಿರು ನಕ್ಕರಂತೆ. ಮನೆಗೆ ಬಂದು ಅವನು ಗಿಟಾರ್ ತೆಗೆದು ನುಡಿಸಿ ತೋರಿಸಿದ. ಮನೆಯಲ್ಲಿ ಆಂಪ್ಲಿಫೈಯರು ಎಲ್ಲಿಂದ ಬರಬೇಕು? ಸೊಳ್ಳೆ ಕೂಗಿದಂಗೈತೆ ಎಂದು ಅವಳು ಸೆರಗು ಬಾಯಿಗಿಟ್ಟು ನಕ್ಕಳಂತೆ. ಗೋದಾಮಿಗೆ ಬಂದು ಕೇಳು ಎನ್ನಲು ಅದು ಗಂಡಸರೇ ತುಂಬಿದ ಮಂಡಿ. ಅಂದಿನಿಂದ ಅವಳು ಒಂದನ್ನು ನಂಬಿಬಿಟ್ಟಳು, ತನ್ನ ಗಂಡನಿಗೆ ನುಡಿಸಲು ಬರುವುದಿಲ್ಲ, ಸಾಹುಕಾರರು ಕನಿಕರದಿಂದ ಜೊತೆಗಿಟ್ಟುಕೊಂಡಿದ್ದಾರೆ ಎಂದು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಗಂಡನೆಂದರೆ ಅವಳಿಗೆ ಜೀವ. ಪಾಪ, ಏನೋ ಆಡಿಸಿಕೊಂಡು ಬರುತ್ತಾನೆ ಎನ್ನುವ ಪ್ರೀತಿ ಅದು, ಅದಕ್ಕೇ ಅವನಿಗೆ ಅಷ್ಟು ನೋವು.

ಒಂದು ಕಾರ್ಯಕ್ರಮದಲ್ಲಿ, ಒಂದೇ ಒಂದು ಹಾಡಿಗೆ ವೈರು ಬಿಡಿ, ಹೆಂಡತಿಯನ್ನು ಕರೆತರುತ್ತೇನೆ ಎಂದು ಸಾಹುಕಾರರನ್ನು ಅವನು ಕೇಳಿದ್ದು ನನ್ನೆದುರಿಗೇ. ಆಗಲಿ, ನೋಡೋಣ ಎಂದರು. ಆ ನೋಡೋಣ ಎಂಬುದು ಮುಂದಕ್ಕೆ ಹೋಗುತ್ತಲೇ ಇತ್ತು. ಅಷ್ಟರಲ್ಲಿ ಅವನಿಗೆ ಕಾಮಾಲೆ ಹತ್ತಿತು. ಯಾರೋ ಕೊಟ್ಟ ಸೊಪ್ಪಿನ ರಸ ಕುಡಿದುಕೊಂಡು ಹಟ್ಟಿಯಲ್ಲೇ ಮಲಗಿದ್ದ. ನೋಡಲು ಹೋದಾಗ ಕಣ್ಣು ಅರಿಶಿನದ ಹಾಗಿತ್ತು. ಕೆಂಚಮ್ಮ ನೀರು ತರಲು ಹೋದ ಸಮಯ ನೋಡಿ ಮೆಲ್ಲಗೆ ಹೇಳಿದ. “ಅವಳ ಮುಂದೆ ವೈರ್ ಸಿಗಿಸ್ಕಂಡು ಒಂದ್ಸಲ ಹೊಡೀಬೇಕಿತ್ತು ಮೇಷ್ಟ್ರೇ. ಆ ಹೋಟ್ಲಲ್ಲಿ ಕಲ್ತಿದ್ನಲ್ಲ, ಆ ಗಡುಸು ಹೊಡ್ತ. ಒಂದೇ ಹಾಡು.” ಮೊದಲು ಹುಷಾರಾಗು, ಹೊಡೆಯುವಿಯಂತೆ ಎಂದು ಬಂದೆ. ಆ ವಾರವೇ ಅವನು ಹೋದ.

ಮಣ್ಣಿಗೆ ಸಾಹುಕಾರರು ಬರಲಿಲ್ಲ, ಹಾರ ಕಳಿಸಿದರು. ಆದರೆ ಕೆಲವು ದಿನ ಕಳೆದ ಮೇಲೆ ಪುರಸಭೆಯ ಎಲೆಕ್ಷನ್ನು ಬಂತು, ಅವರು ನಿಂತರು. ಹಟ್ಟಿಗಳಿಂದ ಬಂದು ಶಿರಾದಲ್ಲಿ ನೆಲೆಸಿದ ಮನೆಗಳು ಬಹಳ ಇದ್ದವು, ಎಲ್ಲ ಓಟುಗಳು. ಇದ್ದಕ್ಕಿದ್ದಂತೆ ಸಾಹುಕಾರರಿಗೆ ಜುಂಜಣ್ಣನ ನೆನಪು ಉಕ್ಕಿತು. ಶಾಲೆ ಮೈದಾನದಲ್ಲಿ ನುಡಿನಮನ ರಸಮಂಜರಿ ಎಂದು ಸಾರಿದರು. ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆಸಿದ್ದ ಬ್ಯಾನರಿನಲ್ಲಿ ಜುಂಜಣ್ಣನ ಪೂರ್ತಿ ಹೆಸರು, ಅದರ ಕೆಳಗೆ ಕೈ ಮುಗಿದ ಸಾಹುಕಾರರ ಚಿತ್ರ. ಬದುಕಿದ್ದಾಗ ಕರಪತ್ರದಲ್ಲಿ ಒಂದು ಸಾಲು ಸಿಗದವನಿಗೆ ಅಷ್ಟುದ್ದ ಬಟ್ಟೆ. ಗೌರವಿಸಬೇಕು ಎಂದು ಮನೆಗೆ ಆಳು ಕಳಿಸಿ ಗಿಟಾರನ್ನೂ ತರಿಸಿಕೊಂಡರು. ಕೆಂಚಮ್ಮ ಒರೆಸಿ, ಕುಂಕುಮವಿಟ್ಟು ಕೊಟ್ಟಳಂತೆ. ಅದು ಮತ್ತೆ ಆ ಮನೆಗೆ ಹೋಗಲಿಲ್ಲ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ನಾನೂ ಅನ್ವರನೂ ಒಂದು ಲೆಕ್ಕ ಹಾಕಿದ್ದೆವು. ಆ ಗಿಟಾರನ್ನು ಅನ್ವರ್ ಹಿಡಿದು, ವೈರು ಸಿಗಿಸಿ, ಜುಂಜಣ್ಣನ ರೀತಿಯಲ್ಲಿ ಒಂದು ಹಾಡಿಗೆ ರಿದಂ ನುಡಿಸಬೇಕು. ತಡದ ಪೆಟ್ಟು ಬರದಿದ್ದರೂ ಹೋಗಲಿ. ನಿಮ್ಮ ಯಜಮಾನ ಮಾಡುತ್ತಿದ್ದದ್ದು ಇದು ಎಂದು ಮೈಕಿನಲ್ಲಿ ನಾನು ಕೆಂಚಮ್ಮನಿಗೆ ಹೇಳಬೇಕು. ಇದನ್ನು ಕೇಳಿದ ಸಾಹುಕಾರರು ಕಡಲೆಕಾಯಿ ಚೀಲಕ್ಕೆ ಕೈಹಾಕಿ ನೋಡುವ ಹಾಗೆ ನನ್ನ ಮುಖ ನೋಡಿ, ಅದೆಲ್ಲ ಬೇಡ ಮೇಷ್ಟ್ರೇ, ಗಿಟಾರು ಸುರೇಶ ಹಿಡಿಯುತ್ತಾನೆ ಎಂದರು. ಸುರೇಶ ಅವರ ಭಾಮೈದ. ಮಂಡಿಯಲ್ಲಿ ತೂಕ ನೋಡಿಕೊಳ್ಳುತ್ತಿದ್ದ. ಕಿವಿ ಮುಚ್ಚುವ ಕೂದಲು, ಅಗಲ ಪ್ಯಾಂಟು. ಗಿಟಾರನ್ನು ಹೆಗಲಿಗೆ ಹಾಕುವುದು ಬರುತ್ತಿತ್ತು, ಇನ್ನೇನೂ ಬರುತ್ತಿರಲಿಲ್ಲ. ಕೈ ಆಡಿಸು ಸಾಕು ಎಂದು ಸಾಹುಕಾರರು ಅವನಿಗೆ ಹೇಳಿಕೊಟ್ಟದ್ದನ್ನು ನಾನೇ ಕೇಳಿಸಿಕೊಂಡೆ.

ದೀಪ ಹಚ್ಚುವ ಹೊತ್ತಿಗೆ ಕಾರ್ಯಕ್ರಮ ಶುರುವಾಯಿತು. ಕೆಂಚಮ್ಮನನ್ನು ಮುಂದಿನ ಸಾಲಿನ ಕಬ್ಬಿಣದ ಕುರ್ಚಿಯಲ್ಲಿ ಕೂರಿಸಿದ್ದರು, ಹಟ್ಟಿಯವರು ಲಾರಿಯಲ್ಲಿ ಬಂದು ಹಿಂದೆ ಕೂತಿದ್ದರು. ಭಾಷಣಗಳಿಗೆ ಮೈಕು ಬೇಕಾಯಿತು, ಸಾಹುಕಾರರ ಗದ್ದ ಮೇಲೆದ್ದಿತು, ಗಿಟಾರಿನ ವೈರು ಕಿತ್ತುಬಂತು. ಸತ್ತ ಮೇಲೂ ಅದೇ ವೈರು. ಕಿಂಡಿಗೆ ಸಿಗಿಸುವ ಅದರ ತುದಿಯ ಜಾಕು ಚಾಪೆಯ ಮೇಲೆ ನನ್ನ ಪಾದದ ಬಳಿ ಬಂದು ಬಿತ್ತು. ಮೊದಲೆರಡು ಹಾಡುಗಳನ್ನು ಏನೆಂದು ಹೇಳಲಿ? ಅನ್ವರ್ ಒಂದು ಕಡೆ, ನಾನೊಂದು ಕಡೆ, ಸಾಹುಕಾರರು ಮತ್ತೊಂದು ಕಡೆ. ಮಂದೆ ಚೆದುರಿಹೋಗಿತ್ತು. ಸುರೇಶ ಮಾತ್ರ ತಲೆ ಕುಣಿಸುತ್ತ ಕೈ ಆಡಿಸುತ್ತಿದ್ದ, ಬೆರಳು ತಂತಿಗೆ ತಾಗದ ಹಾಗೆ.

ಮೂರನೆಯದು ಜೋರು ನಡೆಯ ಹಾಡು. ಸಾಹುಕಾರರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಆಗ ಎರಡು ಸಲ ಕಿಚ್ ಕಿಚ್ ಎಂದಿತು. ಹತ್ತಿರದಿಂದ ಬಂದದ್ದಲ್ಲ ಅದು, ಮೈದಾನದ ಎರಡೂ ಬದಿಯ ಸ್ಪೀಕರುಗಳಿಂದ ಬಂತು. ನಾನು ಯೋಚಿಸುವ ಮೊದಲೇ ನನ್ನ ಕೈ ಬೋಂಗೋ ಎತ್ತಿಕೊಂಡಿತ್ತು. ಅದರ ಹಿಂದೆಯೇ ರಿದಂ ಶುರುವಾಯಿತು. ತುಂಬು ಸದ್ದು, ಗಡುಸು ಹೊಡೆತ. ಗೋದಾಮಿನಲ್ಲೂ ಅಷ್ಟು ಜೋರಾಗಿ ಕೇಳಿರಲಿಲ್ಲ. ನಾಲ್ಕನೆಯ ಪೆಟ್ಟು ಕೂದಲೆಳೆಯಷ್ಟು ತಡವಾಗಿ ಬಿತ್ತು.

ಸುರೇಶನ ಕಡೆ ನೋಡಿದೆ. ಅವನ ಬೆರಳು ಈಗಲೂ ತಂತಿಯಿಂದ ದೂರವೇ ಇತ್ತು, ಮುಖ ಬಿಳಿಚಿತ್ತು. ಕೆಳಗೆ ನೋಡಿದೆ, ಜಾಕು ಅಲ್ಲೇ ಬಿದ್ದಿತ್ತು. ನಂಬಿಕೆಯಾಗದೆ ಬರಿಗಾಲನ್ನು ಅದರ ಮೇಲಿಟ್ಟು ಒತ್ತಿ ಹಿಡಿದೆ. ಲೋಹ ತಣ್ಣಗಿತ್ತು. ಹಾಡು ಮುಗಿಯುವವರೆಗೂ ಕಾಲು ತೆಗೆಯಲಿಲ್ಲ, ಹಾಡು ಮುಗಿಯುವವರೆಗೂ ಆ ಸದ್ದು ನಿಲ್ಲಲಿಲ್ಲ. ಅನ್ವರ್ ನನ್ನ ಕಡೆ ತಿರುಗಿ ಕಣ್ಣಲ್ಲೇ ಕೇಳಿದ, ಹೌದು, ಅವನೇ ಎಂದು ನಾನು ತಲೆಯಾಡಿಸಿದೆ. ಅವನ ಕೆನ್ನೆ ಒದ್ದೆಯಾಗಿತ್ತು. ಸಾಹುಕಾರರು ಅಂದು ಹಾಡಿದಷ್ಟು ಚೆನ್ನಾಗಿ ಹಿಂದೆ ಎಂದೂ ಹಾಡಿರಲಿಲ್ಲ. ಜನ ಎದ್ದು ನಿಂತು ಶಿಳ್ಳೆ ಹೊಡೆದರು. ಆ ಶಿಳ್ಳೆ ಕೇಳಿದ್ದೇ ಸುರೇಶನಿಗೆ ಧೈರ್ಯ ಬಂತು, ಇನ್ನೂ ಜೋರಾಗಿ ತಲೆ ಕುಣಿಸಿ ಕೈ ಬೀಸಿದ. ಕೊನೆಯ ಪೆಟ್ಟು ಬಿದ್ದು ನಿಂತಿತು. ಆಮೇಲಿನ ಹಾಡುಗಳಿಗೆ ಅದು ಬರಲಿಲ್ಲ.

ಜುಂಜಣ್ಣನ ಜಾಗ ತುಂಬಲು ನಮ್ಮ ಸುರೇಶ ಬಂದಿದ್ದಾನೆ ಎಂದು ಸಾಹುಕಾರರು ಮೈಕಿನಲ್ಲಿ ಹೇಳಿದರು. ಅಷ್ಟಕ್ಕೇ ಬಿಡಲಿಲ್ಲ. ಕೆಂಚಮ್ಮನನ್ನು ವೇದಿಕೆಗೆ ಕರೆದು, ಶಾಲನ್ನು ಅವಳ ಕೈಗೆ ಕೊಟ್ಟು, ಸುರೇಶನಿಗೆ ಅವಳಿಂದಲೇ ಹೊದಿಸಿದರು. ಅವಳು ಸಂತೋಷದಿಂದ ಹೊದಿಸಿದಳು. ಸುರೇಶ ತಲೆಬಾಗಿ ಹೊದಿಸಿಕೊಂಡ.

ವೇದಿಕೆ ಇಳಿದ ಕೂಡಲೇ ಅನ್ವರನನ್ನು ಹಿಡಿದುಕೊಂಡೆ. ತಾನು ರಿದಂ ಮುಟ್ಟಲಿಲ್ಲ ಎಂದು ಖುದಾನ ಮೇಲೆ ಆಣೆ ಮಾಡಿದ. ಅದು ಬೇಕಿರಲಿಲ್ಲ, ಲೀಡು, ರಿದಂ ಎರಡೂ ಒಟ್ಟಿಗೆ ಕೇಳಿದ್ದವು. ಮೊದಲೇ ಹಿಡಿದಿಟ್ಟ ಹಾಡು ಹಾಕಿದನೇ ಎಂದರೆ ಮೈಕಿನವನ ಬಳಿ ಟೇಪು ಇರಲಿಲ್ಲ. ಒಂದು ವೈರಿನ ಸದ್ದು ಪಕ್ಕದ ವೈರಿಗೆ ಹಾಯುವುದುಂಟು, ಅದನ್ನೂ ಯೋಚಿಸಿದೆ. ಆದರೆ ಹಾಯಲು ಮೊದಲು ಯಾರಾದರೂ ನುಡಿಸಬೇಕಲ್ಲ. ಎಲ್ಲರಿಗೂ ಒಟ್ಟಿಗೆ ಭ್ರಮೆಯಾಯಿತು ಎನ್ನೋಣವೆಂದರೆ ಶಿಳ್ಳೆ ಹೊಡೆದವರಲ್ಲಿ ಅರ್ಧ ಜನಕ್ಕೆ ರಿದಂ ಎಂದರೇನೆಂದೇ ಗೊತ್ತಿರಲಿಲ್ಲ. ಮಧುಗಿರಿಗೆ ವಾಪಸ್ಸು ಬಂದು ಬ್ಯಾಟರಿ, ಬಲ್ಬಿನ ಪಾಠ ಮಾಡುವಾಗೆಲ್ಲ ತಂತಿ ಬಿಡಿಸಿ ಒಂದು ಗಳಿಗೆ ಬಲ್ಬನ್ನೇ ನೋಡುತ್ತ ನಿಲ್ಲುತ್ತಿದ್ದೆ. ಅದು ಹತ್ತಿಕೊಳ್ಳಲಿಲ್ಲ, ಎಂದೂ.

ಜುಂಜಣ್ಣನ ಮೇಲೆ ನನಗೆ ಸಿಟ್ಟೂ ಇದೆ. ಹೀಗೆ ಬರಲು ಸಾಧ್ಯವಿದ್ದರೆ ಬದುಕಿದ್ದಾಗ ಒಂದು ಸಲ ಸಾಹುಕಾರರ ಕೈ ತಳ್ಳಿ ವೈರು ಸಿಗಿಸಿಕೊಳ್ಳಬಾರದಿತ್ತೇ? ಬಂದದ್ದಾದರೂ ನನ್ನ ಬೋಂಗೋಗೆ, ಅನ್ವರನ ಕೈಗೆ ಬರದೆ ಆ ಸುರೇಶನ ಹೆಗಲಿಗೆ ಯಾಕೆ ಬಂದ? ಇದನ್ನು ಬರೆಯುವಾಗಲೂ ಆ ಸಿಟ್ಟು ಆರಿಲ್ಲ. ಯಾಕೆಂದರೆ ಅಂದು ನಾನು ಚೀಲಕ್ಕೆ ಬೋಂಗೋ ತುಂಬುತ್ತಿದ್ದಾಗ ಕೆಂಚಮ್ಮ ವೇದಿಕೆಯ ಪಕ್ಕಕ್ಕೆ ಬಂದಳು. ಮುಖ ಅರಳಿತ್ತು.

“ಎಂಥ ಹೊಡ್ತ ಹೊಡ್ದ ನೋಡಿ ಮೇಷ್ಟ್ರೇ, ಆವಯ್ಯ. ಎದೆ ಒಳಕ್ಕೇ ಬಂದು ಗುದ್ದಿದಂಗಾಯ್ತು. ನಮ್ಮೋರು ಕಲೀಬೇಕು ಅಂತಿದ್ದಿದ್ದು ಇದೇಯಾ?”

“ಕಲಿಯೋದಲ್ಲ ಕಣಮ್ಮ, ಅದು ಅವನೇ. ಸುರೇಶ ನುಡಿಸಲಿಲ್ಲ. ವೈರು ನನ್ನ ಕಾಲ ಕೆಳಗಿತ್ತು” ಎಂದೆ.

ಅವಳು ನನ್ನನ್ನೇ ನೋಡಿದಳು. ಗಂಡನನ್ನು ನೋಡುತ್ತಿದ್ದ ಅದೇ ಕನಿಕರದ ನೋಟ.

“ಬುಡಿ ಮೇಷ್ಟ್ರೇ, ನಂಗೆ ಸಮಾಧಾನ ಆಗ್ಲಿ ಅಂತ ಹೇಳ್ತೀರ. ಇಂಗೆ ನುಡಿಸಾಕೆ ಬರಂಗಿದ್ದಿದ್ರೆ, ಅಷ್ಟು ವರ್ಷ್ದಾಗೆ ನನ್ ಕಿವಿಗೆ ಒಂದ್ಸಲಾನಾರ ಬೀಳ್ತಿರ್ಲಿಲ್ವಾ?”

ಹಟ್ಟಿಯವರು ಲಾರಿಯಿಂದ ಕೂಗಿ ಕರೆದರು, ಅವಳು ಹೋದಳು. ನಾನು ಚಾಪೆಯ ಮೇಲೆ ಬಿದ್ದಿದ್ದ ಆ ವೈರನ್ನು ಎತ್ತಿ ಸುತ್ತತೊಡಗಿದೆ.